ಅಪ್ಪನ ಯೆಜ್ಡಿ ಇಂಜಿನ್ ಬಿಚ್ಚಿ ಜೋಡಿಸಿದ್ದು ಹೀಗೆ

ನಾನು ಟೈಲರ್. ಶ್ರೀರಂಗಪಟ್ಟಣದಲ್ಲಿ ಸಣ್ಣ ಅಂಗಡಿ. ಅಪ್ಪನೂ ಟೈಲರೇ. ಅವರು ಬಟ್ಟೆ ಗಂಟು ಕಟ್ಟಿಕೊಂಡು ಮೈಸೂರಿಗೆ ಓಡಾಡುತ್ತಿದ್ದದ್ದು 1984ರ ಯೆಜ್ಡಿ ರೋಡ್‌ಕಿಂಗ್‌ನಲ್ಲಿ. ಆ ಬೈಕು ಹುಟ್ಟಿದ್ದೂ ಮೈಸೂರಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಗಾಡಿ ಮಾಡಲು ಶುರುಮಾಡಿದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪ ಹೋದ ಮೇಲೆ ಗಾಡಿ ಎಂಟು ವರ್ಷ ಹಿತ್ತಲ ಶೆಡ್ಡಿನಲ್ಲಿ ನಿಂತಿತ್ತು. ಹೋದ ಬೇಸಿಗೆಯಲ್ಲಿ ಅದರ ಇಂಜಿನ್ನನ್ನು ನನ್ನ ಕಟಿಂಗ್ ಟೇಬಲ್ ಮೇಲೆ ಬಿಚ್ಚಿ ಮತ್ತೆ ಜೋಡಿಸಿದೆ. ನಿಮ್ಮ ಮನೆಯಲ್ಲೂ ಹೀಗೆ ಒಂದು ನಿಂತಿದ್ದರೆ, ನಾನು ಮಾಡಿದ ಕ್ರಮ ಹೇಳುತ್ತೇನೆ.

ಮೊದಲು ಸ್ಪ್ಯಾನರ್ ಎತ್ತಬೇಡಿ. ಗಾಡಿಗೆ ಏನಾಗಿದೆ ಅಂತ ಕೇಳಿಸಿಕೊಳ್ಳಿ. ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ನೇರವಾಗಿ ಕಿಕ್ ಹೊಡೆಯಬಾರದು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದೆರಡು ಚಮಚ ಟೂ ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಇಂಜಿನ್ ಆಯಿಲ್) ಬಿಟ್ಟು, ಒಂದು ರಾತ್ರಿ ಬಿಡಿ. ಬೆಳಗ್ಗೆ ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತಿ ನೋಡಿ. ನನ್ನದು ತಿರುಗಿತು. ಕಾರ್ಬುರೇಟರ್ ತೊಳೆದು, ಹೊಸ ಪೆಟ್ರೋಲ್ ಹಾಕಿದ ಮೇಲೆ ಸ್ಟಾರ್ಟೂ ಆಯಿತು. ಆದರೆ ಬಿಳಿ ಹೊಗೆ ನಿಲ್ಲಲೇ ಇಲ್ಲ, ಜೊತೆಗೆ ಗೇರ್‌ಬಾಕ್ಸ್ ಆಯಿಲ್ ದಿನದಿನಕ್ಕೆ ಇಳಿಯುತ್ತಿತ್ತು. ಕೆಳಗೆ ಒಂದು ಹನಿಯೂ ಸೋರಿಲ್ಲ, ಹಾಗಾದರೆ ಆಯಿಲ್ ಹೋಗಿದ್ದೆಲ್ಲಿಗೆ?

ಇದು ಟೂ ಸ್ಟ್ರೋಕ್ ಇಂಜಿನ್, ಅಂದರೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋದರೆ ಒಂದು ಸುತ್ತಿನ ಕೆಲಸ ಮುಗಿಯುತ್ತದೆ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೇಸ್ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್ ಇರುವ ಕೋಣೆ) ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಎಳೆಯುತ್ತದೆ. ಆ ಕೋಣೆಯ ಎರಡೂ ಬದಿಗೆ ಒಂದೊಂದು ಆಯಿಲ್ ಸೀಲ್ ಇರುತ್ತದೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ. ಬಲಗಡೆ, ಕರೆಂಟ್ ಹುಟ್ಟಿಸುವ ಡೈನಮೋ ಕಡೆಯದು ಹೋದರೆ ಬರೀ ಗಾಳಿ ಎಳೆಯುತ್ತದೆ, ಐಡಲ್ ನಿಲ್ಲುವುದಿಲ್ಲ, ಇಂಜಿನ್ ಜಾಸ್ತಿ ಕಾಯುತ್ತದೆ. ನನ್ನದಕ್ಕೆ ಎಡಗಡೆಯ ಸೀಲ್ ಹೋಗಿತ್ತು. ಅಂಗೈ ಅಗಲವೂ ಇಲ್ಲದ ರಬ್ಬರ್ ತುಂಡು. ಅದನ್ನು ಬದಲಿಸುವಷ್ಟು ಬಿಚ್ಚಿದ ಮೇಲೆ ಉಳಿದದ್ದನ್ನೂ ನೋಡಿಬಿಡುವುದೇ ಸರಿ ಅನಿಸಿತು.

ಇಂಜಿನ್ ಇನ್ನೂ ಚಾಸಿಸ್‌ನಲ್ಲೇ ಇರುವಾಗ ಒಂದು ಕೆಲಸ ಮುಗಿಸಿಕೊಳ್ಳಿ. ಗೇರ್ ಹಾಕಿ, ಯಾರನ್ನಾದರೂ ಹಿಂದಿನ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಚೈನ್ ಸ್ಪ್ರಾಕೆಟ್ ಮತ್ತು ಕ್ಲಚ್ಚಿನ ದೊಡ್ಡ ನಟ್ಟುಗಳನ್ನು ಸಡಿಲ ಮಾಡಿಕೊಳ್ಳಿ. ಟೇಬಲ್ ಮೇಲೆ ಇಟ್ಟ ಮೇಲೆ ಅವು ಬಗ್ಗುವುದಿಲ್ಲ. ಹಳೇ ಇಂಜಿನ್‌ಗಳಲ್ಲಿ ಕೆಲವು ನಟ್ಟು ಎಡ ಥ್ರೆಡ್ಡಿನವು ಇರುತ್ತವೆ, ಅಂದರೆ ಬಿಚ್ಚುವ ದಿಕ್ಕು ಉಲ್ಟಾ. ಜೋರು ಹಾಕುವ ಮೊದಲು ನಿಮ್ಮ ಮಾಡೆಲ್ಲಿನ ಮ್ಯಾನುಯಲ್ ನೋಡಿ. ಆಮೇಲೆ ಆಯಿಲ್ ಬಸಿದು, ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ಹೊರಗಿನ ಕೊಳೆಯನ್ನೆಲ್ಲ ತೊಳೆದು, ಇಬ್ಬರು ಸೇರಿ ಇಳಿಸಿ.

ಇನ್ನು ಬಿಚ್ಚುವುದು. ನಮ್ಮ ಅಂಗಡಿಯಲ್ಲಿ ಕಟ್ ಮಾಡಿದ ಪೀಸ್‌ಗಳನ್ನು ಹೇಗೆ ಇಡುತ್ತೇವೋ ಹಾಗೇ ಮಾಡಿದೆ. ತೋಳು, ಕಾಲರ್, ಕಫ್ ಅಂತ ಒಂದೊಂದನ್ನೂ ಬೇರೆ ಕಟ್ಟಿ, ಚೀಟಿ ಸಿಕ್ಕಿಸಿ, ಸೀಮೆಸುಣ್ಣದ ಗುರುತು ಹಾಕುತ್ತೇವಲ್ಲ, ಅದೇ ಕ್ರಮ. ಒಂದು ಭಾಗಕ್ಕೆ ಒಂದು ಡಬ್ಬಿ. ಕವರ್ ಸ್ಕ್ರೂಗಳು ಉದ್ದದಲ್ಲಿ ಬೇರೆ ಬೇರೆ ಇರುತ್ತವೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಅದೇ ಜಾಗದಲ್ಲಿ ತೂತು ಮಾಡಿ ಸ್ಕ್ರೂ ಚುಚ್ಚಿಡಿ. ಗೇರ್ ಶಾಫ್ಟಿನ ತೆಳು ವಾಷರ್‌ಗಳನ್ನು ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆಯಿರಿ. ಇದಕ್ಕೆ ನನಗೆ ಎರಡು ಭಾನುವಾರ ಪೂರ್ತಿ ಹಿಡಿಯಿತು. ಜೋಡಿಸುವಾಗ ಒಂದು ಸ್ಕ್ರೂಗೂ ಹುಡುಕಾಡಲಿಲ್ಲ.

ಹೆಡ್ಡಿನ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದ ನಾಲ್ಕು ನಟ್ಟುಗಳನ್ನು ಇಂಜಿನ್ ತಣ್ಣಗಿರುವಾಗ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೆಡ್ ಅಲ್ಯೂಮಿನಿಯಂ, ಒಂದೇ ಕಡೆ ಬಿಚ್ಚಿದರೆ ಸೊಟ್ಟಗಾಗುತ್ತದೆ. ಸಿಲಿಂಡರನ್ನು ನೇರವಾಗಿ ಮೇಲಕ್ಕೆ ಎತ್ತಿ. ಪಿಸ್ಟನ್ ಕಂಡ ಕೂಡಲೇ ಕೆಳಗಿನ ಬಾಯಿಗೆ ಶುದ್ಧ ಬಟ್ಟೆ ತುರುಕಿ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ (ಕೆಳಗೆ ಕ್ರ್ಯಾಂಕಿಗೆ ತಗಲುವ ಸರಳಿಗೆ) ಸೇರಿಸುವ ಪಿನ್ನಿನ ಲಾಕ್ ಚಿಮ್ಮಿ ಒಳಗೆ ಬಿದ್ದರೆ ಕೆಲಸ ದುಪ್ಪಟ್ಟು. ಪಿನ್ನನ್ನು ಸುತ್ತಿಗೆಯಲ್ಲಿ ಹೊಡೆದು ತೆಗೆಯುವವರನ್ನು ನೋಡಿದ್ದೇನೆ. ಆ ಏಟೆಲ್ಲ ಕನೆಕ್ಟಿಂಗ್ ರಾಡಿಗೆ ಬೀಳುತ್ತದೆ. ಹಾಗೆ ಮಾಡಬೇಡಿ. ನಾನು ಕುದಿಯುವ ನೀರಿನಲ್ಲಿ ದಪ್ಪ ಬಟ್ಟೆ ಅದ್ದಿ ಪಿಸ್ಟನ್ನಿಗೆ ಸುತ್ತಿದೆ. ಎರಡು ಮೂರು ಸಲ ಹಾಗೆ ಮಾಡುವಷ್ಟರಲ್ಲಿ ಪಿಸ್ಟನ್ ಹಿಗ್ಗಿ, ಪಿನ್ನು ಬೆರಳಿನ ಒತ್ತಿಗೇ ಜಾರಿ ಬಂತು.

ಎಡಗಡೆ ಪ್ರೈಮರಿ ಚೈನಿಗೆ (ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಚೈನು) ಬಿಚ್ಚಿ ಜೋಡಿಸುವ ಲಿಂಕ್ ಇರುವುದಿಲ್ಲ. ಕ್ರ್ಯಾಂಕಿನ ಸ್ಪ್ರಾಕೆಟ್ಟು, ಚೈನು, ಕ್ಲಚ್ ಡ್ರಮ್ಮು ಮೂರೂ ಒಟ್ಟಿಗೇ ಬರಬೇಕು. ಸ್ಪ್ರಾಕೆಟ್ಟಿಗೂ ಡೈನಮೋ ರೋಟರಿಗೂ ಸರಿಯಾದ ಪುಲ್ಲರ್, ಅಂದರೆ ಎಳೆದು ತೆಗೆಯುವ ಸಾಧನ ಬೇಕೇ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ, ಇಲ್ಲದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಪುಲ್ಲರ್ ಬಿಗಿ ಮಾಡಿ ಒಂದು ಗಂಟೆ ಹಾಗೇ ಬಿಡಿ. ನಾನು ಊಟ ಮಾಡಿ ಬರುವಷ್ಟರಲ್ಲಿ ರೋಟರ್ ತಾನೇ ಬಿಟ್ಟುಕೊಂಡಿತ್ತು.

ಕೇಸು ಎರಡು ಹೋಳು. ಎಲ್ಲ ಸ್ಕ್ರೂ ಬಿಚ್ಚಿದ ಮೇಲೂ ಅಂಟಿಕೊಂಡೇ ಇರುತ್ತದೆ. ಹಿಂದೆ ಯಾವತ್ತೋ ಯಾರೋ ಆ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಿದ್ದರು. ಬೆಳ್ಳಗೆ ಹೊಳೆಯುವ ಅಂಚಿನ ಮೇಲೆ ಉಗುರಿನಷ್ಟು ಉದ್ದದ ಮೂರು ಗಾಯ. ಬೆರಳಾಡಿಸಿದರೆ ತರಚುತ್ತಿತ್ತು. ನೋಡಿ ಸಂಕಟವಾಯಿತು. ಉಬ್ಬಿದ ಅಂಚನ್ನಷ್ಟೇ ಸಣ್ಣ ಅರದಿಂದ ಸವರಿ ಸಮ ಮಾಡಿದೆ. ನೀವು ಮೀಟಬೇಡಿ. ಬೇರಿಂಗ್ ಇರುವ ಜಾಗದ ಸುತ್ತ ಹಾಟ್ ಗನ್‌ನಿಂದ ಕಾಯಿಸಿ. ನೀರು ಚಿಮುಕಿಸಿದರೆ ಚುಂಯ್ ಅನ್ನಬೇಕು, ಅಷ್ಟು ಸಾಕು. ಆಮೇಲೆ ಮರದ ಸುತ್ತಿಗೆಯಿಂದ ಸುತ್ತಲೂ ಮೆತ್ತಗೆ ತಟ್ಟುತ್ತಾ ಬನ್ನಿ, ಬಿಟ್ಟುಕೊಳ್ಳುತ್ತದೆ.

ಈಗ ಪರೀಕ್ಷೆ. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಅಕ್ಕಪಕ್ಕ ಸ್ವಲ್ಪ ಆಟ ಇರಬಹುದು, ಇರಬೇಕು ಕೂಡ. ಮೇಲೆ ಕೆಳಗೆ ಟಕ್ ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಮುಗಿದಿದೆ ಅಂತಲೇ ಅರ್ಥ. ನನ್ನದು ಟಕ್ ಅಂತು. ಕ್ರ್ಯಾಂಕ್ ಬಿಚ್ಚಿ ಹೊಸ ರಾಡ್ ಕಿಟ್ ಕೂರಿಸುವುದು ಮನೆಯ ಕೆಲಸ ಅಲ್ಲ. ಅದಕ್ಕೆ ಪ್ರೆಸ್ಸು ಬೇಕು, ಆಮೇಲೆ ಎರಡೂ ತುದಿ ಒಂದೇ ಗೆರೆಯಲ್ಲಿ ತಿರುಗುವಂತೆ ಡಯಲ್ (ಮುಳ್ಳಿರುವ ಅಳತೆಯ ಗಡಿಯಾರ) ಇಟ್ಟು ಸರಿಮಾಡುವ ಕೈ ಬೇಕು. ಮೈಸೂರಿನಲ್ಲಿ ಒಬ್ಬ ಹಿರಿಯರು ಮಾಡಿಕೊಟ್ಟರು. ಡಯಲ್ ಮುಳ್ಳು ಅಲುಗಾಡದೆ ನಿಂತದ್ದನ್ನು ನನಗೆ ತೋರಿಸಿಯೇ ಕೈಗೆ ಕೊಟ್ಟರು. ನೀವೂ ತೋರಿಸಿ ಅಂತ ಕೇಳಿ, ಸಂಕೋಚ ಬೇಡ.

ಬೋರ್, ಅಂದರೆ ಸಿಲಿಂಡರಿನ ಒಳ ಅಗಲ 65 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ 75. ಸಿಲಿಂಡರನ್ನು ಮೇಲೆ, ಮಧ್ಯೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಸಿ. ಸವೆದಿದ್ದರೆ ಮೊದಲು ಓವರ್‌ಸೈಜ್ ಪಿಸ್ಟನ್ ತಂದು ಲೇತಿನವರ ಕೈಗೆ ಕೊಡಿ, ಆಮೇಲೆ ಅದರ ಅಳತೆಗೆ ಬೋರ್ ಮಾಡಿಸಿ. ಗಿರಾಕಿಯ ಅಳತೆ ತೆಗೆಯದೆ ಬಟ್ಟೆ ಕತ್ತರಿಸುತ್ತೇವಾ? ಇದೂ ಹಾಗೇ. ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಚೂಪು ಅಂಚನ್ನು ಸವರಲು ಮರೆಯದೆ ಹೇಳಿ, ಇಲ್ಲದಿದ್ದರೆ ಪಿಸ್ಟನ್ನಿನ ರಿಂಗ್ ಸಿಕ್ಕಿ ಮುರಿಯುತ್ತದೆ. ಮನೆಗೆ ತಂದ ಮೇಲೆ ಬಿಸಿನೀರು, ಸೋಪು ಹಾಕಿ ಉಜ್ಜಿ ತೊಳೆಯಿರಿ. ಬಿಳಿ ಪಾಪ್ಲಿನ್ ತುಂಡಿನಿಂದ ಒಳಗೆ ಒರೆಸಿ. ನನಗೆ ಐದನೇ ತುಂಡು ಬೆಳ್ಳಗೆ ಬಂತು. ಅಲ್ಲಿಯವರೆಗೂ ಬೂದು ಬಣ್ಣ ಬರುತ್ತಲೇ ಇತ್ತು. ಆ ಪುಡಿ ಉಳಿದರೆ ಹೊಸ ಪಿಸ್ಟನ್ನನ್ನು ಅದೇ ತಿನ್ನುತ್ತದೆ. ಒಣಗಿದ ಕೂಡಲೇ ಆಯಿಲ್ ಸವರಿ, ತಡಮಾಡಿದರೆ ತುಕ್ಕು.

ಪ್ಯಾಕಿಂಗ್‌ಗಳನ್ನು, ಅಂದರೆ ಎರಡು ಲೋಹದ ಅಂಚುಗಳ ನಡುವೆ ಸೋರದಂತೆ ಇಡುವ ಪೇಪರುಗಳನ್ನು, ನಾನೇ ಕತ್ತರಿಸಿದೆ. ಈ ಕೆಲಸ ನನಗೆ ತುಂಬಾ ಖುಷಿ ಕೊಟ್ಟಿತು. ಪ್ಯಾಕಿಂಗ್ ಪೇಪರನ್ನು ಕೇಸಿನ ಅಂಚಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಗೆರೆ ಮೂಡುತ್ತದೆ. ಮೊದಲು ಸ್ಕ್ರೂ ತೂತುಗಳನ್ನು ಪಂಚಿನಲ್ಲಿ ಮಾಡಿ, ಎರಡು ಸ್ಕ್ರೂ ಸಿಕ್ಕಿಸಿ ಪೇಪರ್ ಜರುಗದಂತೆ ಹಿಡಿದುಕೊಳ್ಳಿ. ಒಳಗಿನ ಗೆರೆ ಮೊದಲು ಕತ್ತರಿಸಿ, ಹೊರಗಿನದು ಕೊನೆಗೆ. ಹೊರಗಿನದನ್ನು ಮೊದಲು ಕತ್ತರಿಸಿದರೆ ಪೇಪರ್ ಜೋಲುಬಿದ್ದು ಅಳತೆ ತಪ್ಪುತ್ತದೆ. ಹಳೇ ಪ್ಯಾಕಿಂಗ್ ಎಷ್ಟು ದಪ್ಪ ಇತ್ತೋ ಅಷ್ಟೇ ದಪ್ಪದ ಪೇಪರ್ ತನ್ನಿ.

ಜೋಡಿಸುವ ಹಿಂದಿನ ರಾತ್ರಿ ಹೊಸ ಬೇರಿಂಗ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಕ್ರ್ಯಾಂಕ್ ಬೇರಿಂಗ್ ಕೊಳ್ಳುವಾಗ ಸಿ3 ಅಂತ ಕೇಳಿ, ಬಿಸಿಯಾದಾಗ ಹಿಗ್ಗಲು ಅದರಲ್ಲಿ ಸ್ವಲ್ಪ ಜಾಗ ಜಾಸ್ತಿ. ಬೆಳಗ್ಗೆ ಕೇಸ್ ಕಾಯಿಸಿ, ತಣ್ಣನೆ ಬೇರಿಂಗ್ ಇಟ್ಟರೆ ಟಪ್ ಅಂತ ತಾನೇ ಕೂರುತ್ತದೆ. ಕೇಸ್ ತಣಿದ ಮೇಲೆ ಸೀಲ್ ಕೂರಿಸಿ, ತುಟಿಗೆ ಗ್ರೀಸ್ ಸವರಿ, ಹಳೆಯದು ಯಾವ ಕಡೆಗೆ ಮುಖ ಮಾಡಿತ್ತೋ ಹಾಗೇ. ಕೇಸ್ ಮುಚ್ಚಿದ ಮೇಲೆ, ಪ್ರತಿ ನಾಲ್ಕು ಸ್ಕ್ರೂಗೆ ಒಮ್ಮೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಯಿತೋ, ಅಲ್ಲೇ ನಿಲ್ಲಿಸಿ ಹಿಂದಕ್ಕೆ ಬನ್ನಿ. ನಾಲ್ಕೂ ಗೇರ್ ಬೀಳುತ್ತವಾ ಅಂತ ಈಗಲೇ ನೋಡಿ, ಕ್ಲಚ್ ಹಾಕಿದ ಮೇಲೆ ಅಲ್ಲ.

ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ ಇರಲಿ. ರಿಂಗಿನ ಬಾಯಿ ಪಿಸ್ಟನ್ನಿನ ಸಣ್ಣ ಮೊಳೆಯ ಮೇಲೇ ಕೂರಬೇಕು. ಸಿಲಿಂಡರ್ ಇಳಿಸುವಾಗ ಬೆರಳಲ್ಲಿ ರಿಂಗ್ ಒತ್ತಿ ಹಿಡಿದು ಮೆಲ್ಲಗೆ ಬಿಡಿ, ತಡೆದರೆ ಒತ್ತಬೇಡಿ. ಪಿನ್ ಲಾಕ್‌ಗಳು ಮಾತ್ರ ಹೊಸವೇ ಆಗಬೇಕು. ಕೆಲವೇ ರೂಪಾಯಿಯ ವಸ್ತು, ಬಿಟ್ಟುಕೊಂಡರೆ ಸಿಲಿಂಡರನ್ನೇ ಗೀರಿಹಾಕುತ್ತದೆ.

ಪಾಯಿಂಟಿನ (ತೆರೆದು ಮುಚ್ಚಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಸ್ವಿಚ್ಚಿನ) ಸಂದು 0.4 ಮಿಲಿಮೀಟರ್. ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ಪಿಸ್ಟನ್ ಮೇಲ್ತುದಿಗೆ ಬರಲು ಇನ್ನೆಷ್ಟು ಮಿಲಿಮೀಟರ್ ಇದೆ ಅಂತ ಅಳೆಯುತ್ತಾರೆ. ಆ ಅಂಕಿಯನ್ನು ನಿಮ್ಮ ಮಾಡೆಲ್ಲಿನ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ, ಬಾಯಿಮಾತು ನಂಬಬೇಡಿ. ಪ್ಲಗ್ ತೂತಿಗೆ ಡಯಲ್ ಇಟ್ಟು, ಪಾಯಿಂಟಿನ ನಡುವೆ ತೆಳು ಪೇಪರ್ ಸಿಕ್ಕಿಸಿ. ಪೇಪರ್ ಸಡಿಲವಾಗುವ ಗಳಿಗೆಯೇ ಕಿಡಿ ಹಾರುವ ಗಳಿಗೆ.

ಮೊದಲ ಟ್ಯಾಂಕಿಗೆ ಲೀಟರಿಗೆ 50 ಮಿಲಿ ಟೂ ಟಿ ಆಯಿಲ್ ಬೆರೆಸಿದೆ. ಗೇರ್‌ಬಾಕ್ಸ್ ಆಯಿಲ್ ಹಾಕಿದ್ದೀರಾ ಅಂತ ಇನ್ನೊಮ್ಮೆ ನೋಡಿ. ಐದು ನಿಮಿಷ ಓಡಿಸಿ, ಪೂರ್ತಿ ತಣಿಯಲು ಬಿಡಿ. ಹೀಗೆ ಮೂರು ನಾಲ್ಕು ಸಲ ಮಾಡಿ, ತಣ್ಣಗಾದಾಗ ಹೆಡ್ ನಟ್ಟು ಮತ್ತೆ ಬಿಗಿ ಮಾಡಿ. ಮೊದಲ 500 ಕಿಲೋಮೀಟರ್ ನಾನು 40ರ ವೇಗ ದಾಟಲಿಲ್ಲ. ಉದ್ದನೆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬೇಡಿ. ಪೆಟ್ರೋಲ್ ನಿಂತರೆ ಪಿಸ್ಟನ್ನಿಗೆ ಹೋಗುವ ಆಯಿಲೂ ನಿಲ್ಲುತ್ತದೆ. ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಿರಿ.

500 ಆದ ದಿನ ಯಾದವಗಿರಿಯವರೆಗೆ ಹೋಗಿ ಬಂದೆ. ಗೇರ್‌ಬಾಕ್ಸ್ ಆಯಿಲ್ ನೋಡಿದರೆ ಹಾಕಿದಷ್ಟೇ ಇತ್ತು. ಬಿಳಿ ಹೊಗೆ ಇಲ್ಲ. ಇಂಜಿನ್ ಸರಿಯಾಗಿ ಸುಡುತ್ತಿದೆಯಾ ಅಂತ ಪ್ಲಗ್ಗಿನ ಬಣ್ಣವೇ ಹೇಳುತ್ತದೆ, ಕಂದು ಬಂದರೆ ಸರಿ. ಪ್ಲಗ್ ಬಿಚ್ಚಿ ದಾರದ ಶೇಡ್ ಕಾರ್ಡ್ ಪಕ್ಕ ಹಿಡಿದೆ. ಅಪ್ಪ ಖಾಕಿ ಪ್ಯಾಂಟಿಗೆ ಹಾಕುತ್ತಿದ್ದ ಕಂದು ದಾರಕ್ಕೂ ಅದಕ್ಕೂ ಒಂದೇ ಬಣ್ಣ.