ಬುಕ್‌ಮಾರ್ಕ್ ಪಟ್ಟಿ ಮುಚ್ಚಿಟ್ಟು ಬ್ರೌಸರ್‌ಗೆ ಅಕ್ಷರಾಭ್ಯಾಸ ಮಾಡಿಸಿದ್ದು

ಒಂದಕ್ಷರ ಒತ್ತಿದರೆ ಬೇಕಾದ ಪುಟ ಬರುವ ಹಾಗೆ ಬ್ರೌಸರ್‌ಗೆ ಕಲಿಸಲು ಹೊರಟಾಗ, ‘ಬುಕ್‌ಮಾರ್ಕ್ ಇರೋವಾಗ ಯಾಕಣ್ಣ ಈ ಒದ್ದಾಟ?’ ಅಂತ ಅಂಗಡಿ ಹುಡುಗ ಮೊದಲ ದಿನವೇ ಕೇಳಿದ. ಪಕ್ಕದ ಝೆರಾಕ್ಸ್ ಅಂಗಡಿಯವರು ನಕ್ಕೇಬಿಟ್ಟರು. ಈಗ ನನ್ನ ಸೈಬರಿನ ಮೂರೂ ಮಷೀನಿನಲ್ಲಿ ‘ಪ’ ಒತ್ತಿ, ಕೆಳಬಾಣ, ಎಂಟರ್ ಅಂದರೆ ಪಹಣಿ ಪುಟ. ‘ವಿ’ ಅಂದರೆ ವಿದ್ಯಾರ್ಥಿವೇತನ, ‘ಸೇ’ ಅಂದರೆ ಸೇವಾಸಿಂಧು. ನಕ್ಕವರೇ ಬಂದು ನೋಡಿಕೊಂಡು ಹೋದರು.

ಮೊದಲು ಸೋತ ಕಥೆ. ಎಲ್ಲರ ಹಾಗೆ ನಾನೂ ಕ್ರೋಮ್‌ನಲ್ಲೇ ಶುರು ಮಾಡಿದ್ದು. ಹಿಸ್ಟರಿ, ಅಂದರೆ ಹೋಗಿಬಂದ ಪುಟಗಳ ದಾಖಲೆ, ತಾನಾಗಿ ಕಲಿಯುತ್ತೆ ಅಂತ ಬಿಟ್ಟೆ, ಕಲಿಯಿತು ಕೂಡ. ಆದರೆ ಕ್ರೋಮ್ ಮಷೀನಿನಲ್ಲಿರುವ ಹಿಸ್ಟರಿಯನ್ನು 90 ದಿನಕ್ಕೆ ಅಳಿಸುತ್ತೆ. ವಿದ್ಯಾರ್ಥಿವೇತನದ ಅರ್ಜಿ ವರ್ಷಕ್ಕೊಂದು ಸೀಸನ್. ಮುಂದಿನ ಸೀಸನ್ ಬರುವಷ್ಟರಲ್ಲಿ ಅದಕ್ಕೆ ಎಲ್ಲ ಮರೆತಿತ್ತು. ಹುಡುಗ ಗೂಗಲ್‌ನಲ್ಲಿ ಹುಡುಕಿ, ಮೇಲೆ ಬಂದ ಯಾವುದೋ ಏಜೆಂಟ್ ಸೈಟಿನಲ್ಲಿ ಅರ್ಧ ಫಾರಂ ತುಂಬಿ, ಮತ್ತೆ ಮೊದಲಿಂದ. ಆ ವಾರ ನಾಲ್ಕೈದು ಗಿರಾಕಿಗಳ ದುಡ್ಡು ವಾಪಸ್ ಕೊಟ್ಟೆ, ಹತ್ತಿರ ಹತ್ತಿರ 400 ರೂಪಾಯಿ.

ಫೈರ್‌ಫಾಕ್ಸ್‌ಗೆ ಬಂದದ್ದು ಅದಕ್ಕೇ. ಅದು ಹಳೇ ಹಿಸ್ಟರಿಯನ್ನು ಅಷ್ಟು ಬೇಗ ಎಸೆಯಲ್ಲ. ಎಷ್ಟು ಸಲ ಹೋದಿರಿ, ಎಷ್ಟು ಇತ್ತೀಚೆಗೆ ಹೋದಿರಿ ಎರಡನ್ನೂ ಸೇರಿಸಿ ಪ್ರತಿ ಪುಟಕ್ಕೂ ಫ್ರೀಸೆನ್ಸಿ ಅಂತ ಅಂಕ ಕೊಡುತ್ತೆ. ಅಬೌಟ್-ಕಾನ್ಫಿಗ್ ಅನ್ನೋ ಅದರ ಒಳ ಸೆಟ್ಟಿಂಗ್ ಪುಟ ತೆಗೆದು ನೋಡಿದಾಗ ನನಗೆ ಕಣ್ಣು ಬಿಟ್ಟಿತು. ಆಗಿನ ವರ್ಷನ್‌ನಲ್ಲಿ ಲಿಂಕ್ ಒತ್ತಿ ಹೋದರೆ ಬೋನಸ್ 100, ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಿ ಹೋದರೆ 2000, ಬುಕ್‌ಮಾರ್ಕ್‌ಗೆ ಬರೀ 75! ದಿನವಿಡೀ ಬುಕ್‌ಮಾರ್ಕ್ ಒತ್ತುತ್ತಿದ್ದ ನಾವು ಕಲಿಯೋ ಮಷೀನಿಗೆ ಎರಡು ವರ್ಷ ಏನೂ ಕಲಿಸಿರಲಿಲ್ಲ.

ಹಾಗಾಗಿ ಬುಕ್‌ಮಾರ್ಕ್ ಅಳಿಸಲಿಲ್ಲ, ಕನ್ನಡದಲ್ಲಿ ಟೈಪ್ ಮಾಡಿದರೆ ಸಿಗಲಿ ಅಂತ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿ ಪಟ್ಟಿ ಮುಚ್ಚಿಟ್ಟೆ. ಮೂರು ವಾರ ಯಾರೂ ಮೌಸ್ ಮುಟ್ಟುವ ಹಾಗಿಲ್ಲ. ‘ಪಹಣಿ’ ಅಂತ ಟೈಪ್ ಮಾಡು, ಕೆಳಗೆ ಬಂದದ್ದನ್ನು ಆರಿಸು. ಯಾವ ಅಕ್ಷರಕ್ಕೆ ಯಾವ ಪುಟ ಆರಿಸಿದೆವು ಅನ್ನೋದನ್ನ ಅದು ಬೇರೆಯೇ ಬರೆದಿಟ್ಟುಕೊಳ್ಳುತ್ತೆ. ಮೊದಲ ವಾರ ಹುಡುಗ ಗೊಣಗಿದ, ಎರಡನೇ ವಾರ ಪೂರ್ತಿ ಪದ ಟೈಪ್ ಮಾಡೋದು ಬಿಟ್ಟ. ಕೆಳಬಾಣವನ್ನೂ ಉಳಿಸುವ ಸ್ವಿಚ್ ಒಂದು ಅಬೌಟ್-ಕಾನ್ಫಿಗ್‌ನಲ್ಲೇ ಇದೆ. ಅದು ನನ್ನ ಹತ್ತಿರವೇ ಇರಲಿ.

ಗಿರಾಕಿಗಳಿಗೆ ಬೇರೆ ಪ್ರೊಫೈಲ್, ಅದರಲ್ಲಿ ಹಿಸ್ಟರಿ ಉಳಿಯಲ್ಲ. ಇದಕ್ಕೂ ಒಂದು ಅವಮಾನವಾದ ಮೇಲೇ ಬುದ್ಧಿ ಬಂದದ್ದು. ಒಬ್ಬ ಅಮ್ಮ ಮಗಳ ರಿಸಲ್ಟ್ ನೋಡಲು ಬಂದು ಒಂದಕ್ಷರ ಒತ್ತಿದ್ದಷ್ಟೆ, ಹಿಂದಿನವನು ನೋಡಿಹೋದದ್ದರ ಹೆಸರು ಪೂರ್ತಿಯಾಗಿ ಅವರೆದುರು ನಿಂತಿತು. ಅವರು ಏನೂ ಅನ್ನಲಿಲ್ಲ, ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ಮತ್ತೆ ಬರಲಿಲ್ಲ.

ಒಂದು ಮಷೀನ್ ಪಳಗಿದ ಮೇಲೆ ಹಿಸ್ಟರಿ, ಬುಕ್‌ಮಾರ್ಕ್ ಎಲ್ಲ ಇರುವ ಪ್ಲೇಸಸ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಇನ್ನೆರಡಕ್ಕೆ ಸಾಗಿಸಿದೆ. ಮೊದಲ ಸಲ ಬ್ರೌಸರ್ ಮುಚ್ಚದೆ ಕಾಪಿ ಮಾಡಿದ್ದರಿಂದ ಇನ್ನೂ ಅದಕ್ಕೆ ಸೇರದೆ ಪಕ್ಕದ ವಾಲ್ ಅನ್ನೋ ತಾತ್ಕಾಲಿಕ ಫೈಲ್‌ನಲ್ಲಿದ್ದ ಇತ್ತೀಚಿನ ಕೆಲಸವೆಲ್ಲ ಹೋಯಿತು. ಇನ್ನೊಂದು ಸಲ, ನಿಧಾನ ಅಂತ ರಿಪೇರಿಯವನಿಗೆ 300 ಕೊಟ್ಟರೆ ಅವನು ಕ್ಲೀನರ್ ಓಡಿಸಿ ಹಿಸ್ಟರಿಯನ್ನೇ ಗುಡಿಸಿಹಾಕಿದ. ಈಗ ಪ್ರತಿ ಶನಿವಾರ ಬ್ರೌಸರ್ ಮುಚ್ಚಿ ಒಂದು ಪ್ರತಿ ಎತ್ತಿಡುತ್ತೇನೆ.

ನಡುವೆ ಒಂದು ತಮಾಷೆ. ಕ್ರೋಮ್ 2023ರಲ್ಲಿ ಟಾಪಿಕ್ಸ್ ತಂದಿತ್ತಲ್ಲ, ವಾರಕ್ಕೊಮ್ಮೆ ಹಿಸ್ಟರಿ ನೋಡಿ ನಿಮ್ಮ ಆಸಕ್ತಿಯ ಐದು ವಿಷಯ ಗುರುತಿಸಿ ಜಾಹೀರಾತಿನವರಿಗೆ ಸುಳಿವು ಕೊಡೋದು. ಅದರ ಒಳಪುಟ ತೆಗೆದು ನೋಡಿದೆ. ದಿನಕ್ಕೆ 70-80 ಪಹಣಿ ತೆಗೆಯೋ ಅಂಗಡಿಯಲ್ಲಿ ಅದಕ್ಕೆ ಕಂಡದ್ದು ಕ್ರಿಕೆಟ್! ಟಾಪಿಕ್ಸ್ ಕೇಳುವ ಸೈಟುಗಳನ್ನಷ್ಟೇ ಅದು ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು, ನಮ್ಮ ಸರ್ಕಾರಿ ಪುಟಗಳು ಕೇಳುತ್ತಿರಲಿಲ್ಲ. ಹುಡುಗನ ಮಧ್ಯಾಹ್ನದ ಸ್ಕೋರು ಸಿಕ್ಕಿಬಿತ್ತು. 2025ರ ಅಕ್ಟೋಬರಿನಲ್ಲಿ ಗೂಗಲ್ ಟಾಪಿಕ್ಸನ್ನು ಕೈಬಿಡುವುದಾಗಿ ಹೇಳಿತು, ಹುಡುಗ ಬಚಾವಾದ.

ಲಾಭ? ಒಂದು ಪಹಣಿಗೆ ಅರ್ಧ ನಿಮಿಷ ಉಳಿದಿರಬಹುದು. ಸೀಸನ್‌ನಲ್ಲಿ ದಿನಕ್ಕೆ ಹತ್ತು ಗಿರಾಕಿ ಹೆಚ್ಚು. ಖರ್ಚು ಒಂದು ಪೆನ್‌ಡ್ರೈವ್, ಜೊತೆಗೆ ಗಿರಾಕಿಗಳಿಗೂ ರಿಪೇರಿಯವನಿಗೂ ಹೋದ ಆ 700 ರೂಪಾಯಿ.

ಮೊನ್ನೆ ಒಂದು ಸೇವೆಯ ವಿಳಾಸ ಬದಲಾಯಿತು. ಇಷ್ಟು ಚೆನ್ನಾಗಿ ಕಲಿತ ಬ್ರೌಸರ್ ಈಗ ಹಳೇ ಪುಟಕ್ಕೇ ಹಟ ಹಿಡಿದು ಹೋಗುತ್ತಿದೆ. ಮೊದಲು ಅದರ ಹಳೇ ಬುಕ್‌ಮಾರ್ಕ್ ತೆಗೆದು, ಆಮೇಲೆ ಟೈಪ್ ಮಾಡಿದಾಗ ಕೆಳಗೆ ಬರುವ ಆ ಸಾಲನ್ನು ಬಾಣದಿಂದ ಆರಿಸಿ ಶಿಫ್ಟ್-ಡಿಲೀಟ್ ಒತ್ತಬೇಕು. ಹುಡುಗ ಒತ್ತಿದ್ದಾನೆ, ಎರಡು ಮಷೀನಿನಲ್ಲಿ ಮಾತ್ರ.