ಪುಟ್ಟ ಮಿನಿಯೇಚರ್‌ಗೆ ವಾಶ್ ಹಚ್ಚುವುದು ಹೇಗೆ

ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಹೊರಗೋಡೆಯನ್ನು ಓರೆ ಬಿಸಿಲು ಬಿದ್ದಾಗ ನೋಡಿ. ಇಡೀ ಗೋಡೆ ಒಂದೇ ಬಣ್ಣದ ಕಲ್ಲು, ಆದ್ರೂ ಒಂದೊಂದು ಕೆತ್ತನೆಯೂ ಬಿಡಿಬಿಡಿಯಾಗಿ ಕಾಣುತ್ತದೆ, ಯಾಕಂದ್ರೆ ಸಂದುಗಳಲ್ಲಿ ನೆರಳು ಕೂತಿರುತ್ತದೆ. 28 ಮಿಲಿಮೀಟರ್ ಎತ್ತರದ ಮಿನಿಯೇಚರ್ ಗೊಂಬೆಯಲ್ಲಿ ಅಷ್ಟು ಆಳ ಎಲ್ಲಿಂದ ಬರಬೇಕು? ಧೋತರದ ಮಡಿಕೆ ಕೂದಲೆಳೆಯಷ್ಟೇ ಆಳ. ಅಲ್ಲಿ ನೆರಳನ್ನು ನಾವೇ ಹಾಕಬೇಕು, ಆ ಕೆಲಸಕ್ಕೇ ವಾಶ್ ಇರುವುದು.

ವಾಶ್ ಅಂದ್ರೆ ತುಂಬಾ ತೆಳು ಬಣ್ಣ. ಹಚ್ಚಿದಾಗ ತಾನೇ ಹರಿದು ಸಂದಿಗೆ ಇಳಿಯುತ್ತದೆ, ಉಬ್ಬಿದ ಜಾಗದಲ್ಲಿ ಕಡಿಮೆ ಉಳಿಯುತ್ತದೆ. ಸಿಟಾಡೆಲ್, ವಲೇಹೋ ಕಂಪನಿಗಳ ರೆಡಿ ಬಾಟಲಿ ಆನ್‌ಲೈನ್‌ನಲ್ಲಿ ಸಿಗುತ್ತವೆ, ಆದರೆ ಬೆಲೆ ಜಾಸ್ತಿ. ಮನೆಯಲ್ಲೇ ಮಾಡುವುದಾದರೆ ಒಂದು ಹನಿ ಅಕ್ರಿಲಿಕ್ ಬಣ್ಣಕ್ಕೆ ನಾಲ್ಕು ಹನಿ ಮ್ಯಾಟ್ ಮೀಡಿಯಂ (ಬಣ್ಣಕ್ಕೆ ಬೆರೆಸುವ, ಹೊಳಪಿಲ್ಲದೆ ಒಣಗುವ ಬಣ್ಣವಿಲ್ಲದ ದ್ರವ), ನಾಲ್ಕೈದು ಹನಿ ನೀರು. ಬರೀ ನೀರು ಸುರಿದು ತೆಳು ಮಾಡಬೇಡಿ, ಬಣ್ಣದ ಹಿಡಿತ ಹೋಗಿ ಒಣಗಿದ ಮೇಲೆ ಪುಡಿಪುಡಿ ಕಾಣುತ್ತದೆ. ಬೋರ್ ನೀರು ಬೇಡ, ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಫಿಲ್ಟರ್ ನೀರು ಸಾಕು. ಹದ ಸರಿ ಇದೆಯಾ ಅಂತ ನೋಡಲು ಹಳೇ ಪೇಪರ್ ಮೇಲೆ ಒಂದು ಗೆರೆ ಎಳೆಯಿರಿ, ಕೆಳಗಿನ ಅಕ್ಷರ ಆರಾಮಾಗಿ ಓದಲು ಬರಬೇಕು.

ಮೂಲ ಬಣ್ಣವನ್ನು ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಹಚ್ಚಿಡಿ, ವಾಶ್ ಎಲ್ಲವನ್ನೂ ಸ್ವಲ್ಪ ಕಪ್ಪಾಗಿಸುತ್ತದೆ. ಅದು ಪೂರ್ತಿ ಒಣಗಿರಬೇಕು. ತ್ರೀಡಿ ಪ್ರಿಂಟ್ ಗೊಂಬೆಯಾದರೆ ಪ್ರೈಮರ್‌ಗೂ (ಬಣ್ಣ ಹಿಡಿಯಲು ಹಚ್ಚುವ ಮೊದಲ ಕೋಟ್) ಮೊದಲೇ ಪದರದ ಗೆರೆಗಳನ್ನು ಉಜ್ಜಿ ತೆಗೆಯಿರಿ. ವಾಶ್‌ಗೆ ಮಡಿಕೆ ಯಾವುದು, ಪ್ರಿಂಟರ್ ಬಿಟ್ಟ ಗೆರೆ ಯಾವುದು ಅಂತ ಗೊತ್ತಾಗಲ್ಲ. ಎರಡರಲ್ಲೂ ಇಳಿದು ಎರಡನ್ನೂ ತೋರಿಸುತ್ತದೆ.

ಈಗ ಹಚ್ಚುವ ಕೆಲಸ. ಎರಡು ಬ್ರಶ್ ಇಟ್ಟುಕೊಳ್ಳಿ, ಒಂದರಲ್ಲಿ ವಾಶ್, ಇನ್ನೊಂದು ಬರೀ ಒದ್ದೆ. ನನ್ನ ಪ್ರಕಾರ ಈ ಒದ್ದೆ ಬ್ರಶ್ಶೇ ಮುಖ್ಯ. ಇಡೀ ಗೊಂಬೆಯನ್ನು ಒಮ್ಮೆಲೇ ಮುಳುಗಿಸಿ ಬಿಟ್ಟರೆ ಎಲ್ಲವೂ ಕೊಳಕು ಬಳಿದ ಹಾಗೆ ಕಾಣುತ್ತದೆ. ಅದರ ಬದಲು ಒಂದೊಂದು ಭಾಗ ಹಿಡಿಯಿರಿ: ಮೊದಲು ರುಮಾಲು, ಆಮೇಲೆ ಮುಖ, ಆಮೇಲೆ ಅಂಗಿ. ಸಂದಿಗೆ ವಾಶ್ ಮುಟ್ಟಿಸಿ, ಅದು ಹರಿಯಲು ಬಿಡಿ, ಮಡಿಕೆಯ ಉಬ್ಬಿನ ಮೇಲೆ ಅಥವಾ ಪಾದದ ಹತ್ತಿರ ಜಾಸ್ತಿ ನಿಂತದ್ದನ್ನು ಒದ್ದೆ ಬ್ರಶ್ಶಿನ ತುದಿಯಿಂದ ತಕ್ಷಣ ಹೀರಿಕೊಳ್ಳಿ. ಹಾಗೇ ಬಿಟ್ಟರೆ ಚಹಾ ಕಪ್ಪಿನ ತಳದ ಕಲೆಯಂತೆ ಅಂಚಿನಲ್ಲಿ ಒಂದು ಗೆರೆ ಉಳಿಯುತ್ತದೆ. ಅರೆ ಒಣಗಿದ ಮೇಲೆ ಮಾತ್ರ ಮುಟ್ಟಬೇಡಿ, ಕಿತ್ತು ಬರುತ್ತದೆ. ಅರ್ಧ ಗಂಟೆ ಸುಮ್ನೆ ಬಿಟ್ಟುಬಿಡಿ. ಏಪ್ರಿಲ್, ಮೇ ಸೆಕೆಯಲ್ಲಿ ಹುಬ್ಬಳ್ಳಿಯಲ್ಲಾಗಲಿ ಗದಗದಲ್ಲಾಗಲಿ ಫ್ಯಾನಿನ ಕೆಳಗೆ ಈ ಕೆಲಸ ಬೇಡವೇ ಬೇಡ, ಹೀರುವ ಮೊದಲೇ ಒಣಗಿರುತ್ತದೆ.

ಎಲ್ಲದಕ್ಕೂ ಕಪ್ಪು ವಾಶ್ ಬಳಿಯುವವರು ತುಂಬಾ ಜನ. ಕಪ್ಪು ಕಬ್ಬಿಣಕ್ಕೆ, ಗಾಡಿಯ ಗಾಲಿಯ ಪಟ್ಟಿಗೆ ಸರಿ. ಮೈಬಣ್ಣಕ್ಕೆ ಕೆಂಪು ಮಿಶ್ರಿತ ಕಂದು, ಬಂಗಾರ, ಹಿತ್ತಾಳೆಗೆ ಕಂದು. ಬಿಳಿ ಧೋತರಕ್ಕೆ ತುಂಬಾ ತೆಳುವಾದ ನೀಲಿ ಬೂದು, ಅದೂ ಮಡಿಕೆಯ ಒಳಗೆ ಮಾತ್ರ. ಬಿಳಿ ಎತ್ತಿಗೂ ಹಾಗೇ, ಕತ್ತಿನ ಕೆಳಗೆ ಜೋತಾಡುವ ಚರ್ಮ, ಡುಬ್ಬದ ಬುಡ, ಕಾಲಿನ ಸಂದು, ಅಷ್ಟೇ. ಬೆನ್ನಿಗೆ ಹಚ್ಚಬೇಡಿ.

ಮೇಲ್ಮೈ ಮ್ಯಾಟ್ ಆಗಿದ್ದರೆ ವಾಶ್ ಎಲ್ಲ ಕಡೆ ಅಂಟಿ ಬಣ್ಣವನ್ನೇ ಮಬ್ಬು ಮಾಡುತ್ತದೆ. ಸಂದಿಗೆ ಮಾತ್ರ ಬೇಕು ಅಂದ್ರೆ ಮೊದಲು ಗ್ಲಾಸಿ (ಹೊಳಪಿನ) ವಾರ್ನಿಶ್ ಒಂದು ಕೋಟ್ ಕೊಡಿ, ನುಣುಪು ಇದ್ದಾಗ ಬಣ್ಣ ಸರಾಗ ಜಾರಿ ಒಳಗೆ ಹೋಗುತ್ತದೆ. ಗಾಡಿಯ ಹಲಗೆ, ರೈಲಿನ ರಿವೆಟ್ ಇಂಥದ್ದಕ್ಕೆ ಆಯಿಲ್ ಕಲರ್ ವಾಶ್ ಇನ್ನೂ ಚೆನ್ನಾಗಿರುತ್ತದೆ. ಬರ್ನ್ಟ್ ಅಂಬರ್ (ಗಾಢ ಕಂದು) ಟ್ಯೂಬಿನಿಂದ ಚೂರು ತೆಗೆದು ಮಿನರಲ್ ಟರ್ಪೆಂಟೈನ್‌ನಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಇಯರ್ ಬಡ್‌ನಿಂದ ಮೇಲಿನಿಂದ ಕೆಳಗೆ ಒರೆಸಿ. ಬೇಗ ಒಣಗದೇ ಇರುವುದರಿಂದ ತಿದ್ದಲು ಟೈಮ್ ಸಿಗುತ್ತದೆ. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ಥಿನ್ನರ್ ಅಂತ ಕೇಳಬೇಡಿ, ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಕೊಟ್ಟರೆ ಕೆಳಗಿನ ಅಕ್ರಿಲಿಕ್ಕನ್ನೇ ಕರಗಿಸಿಬಿಡುತ್ತದೆ. ಕಿಟಕಿ ತೆಗೆದಿಡಿ.

ಒಣಗಿದ ಮೇಲೆ ಮೂಲ ಬಣ್ಣವನ್ನೇ ಮತ್ತೆ ತಗೊಂಡು ಮೂಗಿನ ತುದಿ, ಮೊಣಕಾಲು, ಮಡಿಕೆಯ ಉಬ್ಬಿಗೆ ಸಣ್ಣಗೆ ಮುಟ್ಟಿಸಿ. ಕೊನೆಗೆ ಮ್ಯಾಟ್ ವಾರ್ನಿಶ್. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸ್ಪ್ರೇ ಡಬ್ಬಿ ಹೊರಗೆ ತೆಗೆಯಬೇಡಿ, ತೇವ ಸೇರಿ ಬಿಳಿ ಮಂಜು ಕೂರುತ್ತದೆ. ಆ ತಿಂಗಳುಗಳಲ್ಲಿ ಬ್ರಶ್ಶಿನಿಂದ ಹಚ್ಚುವ ವಾರ್ನಿಶ್ಶೇ ಲೇಸು.