ಸ್ಪಾಟಿಂಗ್ ಎರರ್ಸ್: ಬರೀ ಕಿವಿ ನಂಬಬೇಡಿ

ಕೇಂದ್ರ ಸರ್ಕಾರದ ಪದವಿ ಮಟ್ಟದ ಹುದ್ದೆಗಳ ಪರೀಕ್ಷೆಯಾದ ಎಸ್‌ಎಸ್‌ಸಿ ಸಿಜಿಎಲ್‌ಗೆ ಓದುತ್ತಿರುವ ಗೆಳೆಯರೇ, ಅದರ ಮೊದಲ ಹಂತ ಟಿಯರ್ 1ರಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆ, 50 ಅಂಕ. ಒಂದು ತಪ್ಪು ಉತ್ತರಕ್ಕೆ ಅರ್ಧ ಅಂಕ ಹೋಗುತ್ತದೆ. ಹಾಗಾಗಿ ಸ್ಪಾಟಿಂಗ್ ಎರರ್ಸ್, ಅಂದರೆ ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆ ಬಂದಾಗ, ಕೇಳೋಕೆ ಸರಿಯಾಗಿದೆ ಅಂತ ಟಿಕ್ ಹಾಕಬೇಡಿ. ನಮ್ಮ ಕಿವಿ ಪಳಗಿರುವುದು ಕನ್ನಡಕ್ಕೆ.

ನಾವು 'ಅದರ ಬಗ್ಗೆ ಚರ್ಚಿಸಿದೆವು' ಅನ್ನುತ್ತೇವೆ. ಅದೇ ಗುಂಗಿನಲ್ಲಿ 'ವಿ ಡಿಸ್ಕಸ್ಡ್ ಅಬೌಟ್ ದ ಪ್ಲಾನ್' ಸರಿ ಅನ್ನಿಸುತ್ತದೆ. ಅಲ್ಲಿ 'ಅಬೌಟ್' ಬರಲೇಬಾರದು. 'ನನಗಿಂತ ಸೀನಿಯರ್' ಅಂದಾಗಲೂ ಅಷ್ಟೇ, 'ದ್ಯಾನ್' ಬಾಯಿಗೆ ಬರುತ್ತದೆ. ಬೇಕಿರುವುದು 'ಟು'. ಜೂನಿಯರ್, ಸುಪೀರಿಯರ್‌ಗೂ ಇದೇ.

ಜಾಸ್ತಿ ಜನ ಎಡವುವುದು ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆಯಲ್ಲಿ. 'ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್ ವರ್ ಗುಡ್.' ಇದರಲ್ಲಿ 'ಆಫ್'ನಿಂದ 'ಮ್ಯಾಂಗೋಸ್'ವರೆಗೆ ಬೆರಳಿಟ್ಟು ಮುಚ್ಚಿ. ಉಳಿದದ್ದು 'ದ ಕ್ವಾಲಿಟಿ ವರ್ ಗುಡ್'. ತಪ್ಪು ಎದ್ದು ಕಾಣುತ್ತದೆ, ಅಲ್ವಾ? ಅಲ್ಲಿ 'ವಾಸ್' ಬೇಕು. 'ಅಲಾಂಗ್ ವಿತ್', 'ಆ್ಯಸ್ ವೆಲ್ ಆ್ಯಸ್' ಬಂದಾಗಲೂ ಹೀಗೇ ಮುಚ್ಚಿ ನೋಡಿ. 'ಒನ್ ಆಫ್ ಮೈ' ಕಂಡರೆ ಮುಂದೆ 'ಫ್ರೆಂಡ್' ಅಲ್ಲ, 'ಫ್ರೆಂಡ್ಸ್'. ಆದರೆ ಕ್ರಿಯಾಪದ ಮಾತ್ರ ಏಕವಚನ.

ಮಾಕ್ ಟೆಸ್ಟ್‌ನಲ್ಲಿ ತಪ್ಪಾದ ವಾಕ್ಯವನ್ನು ನಾನು ನೋಟ್‌ಬುಕ್‌ನ ಎಡಪುಟದಲ್ಲಿ, ಸರಿಯಾದದ್ದನ್ನು ಬಲಪುಟದಲ್ಲಿ ಬರೆಯುತ್ತಿದ್ದೆ. ರಾತ್ರಿ ಮಲಗುವ ಮುಂಚೆ ಬಲಪುಟ ಮುಚ್ಚಿಕೊಂಡು ಎಡಪುಟ ಓದುತ್ತಿದ್ದೆ. ತುಂಬಾ ಉಪಯೋಗವಾಯಿತು.

ಮರೆಯುವ ಮುಂಚೆ ಇನ್ನೊಂದು: 'ನೋ ಎರರ್' ಆಯ್ಕೆ ಇದ್ದರೆ ಅದೂ ಉತ್ತರ ಆಗಬಹುದು. ಸುಮ್ನೆ ಇಲ್ಲದ ತಪ್ಪು ಹುಡುಕಬೇಡಿ.